ಕೆಳಗಿನ ಪೆಟ್ಟಿಗೆಯ ಅಕ್ಷರ

ಗುರುಶಾಂತಪ್ಪನವರು ಯಾವ ಕಾಗದ ಕೈಗೆ ಕೊಟ್ಟರೂ ಮೊದಲು ತಲೆಕೆಳಗು ಮಾಡಿ ಓದುತ್ತಿದ್ದರು. ಅಟ್ಲಾಂಟಾ ಪಕ್ಕದ ಡುಲುತ್‌ನ ದಿನಸಿ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ನಾನು ಚಪಾತಿ ಲಟ್ಟಿಸುತ್ತಿದ್ದೆ. ಮಗಳ ಜೊತೆ ಅಂಗಡಿಗೆ ಬಂದ ಈ ಮನುಷ್ಯ ರಿಯಾಯಿತಿ ಚೀಟಿಯನ್ನು ಉಲ್ಟಾ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದನ್ನು ನೋಡಿ ನನಗೆ ಸಮಾಧಾನವೇ ಆಯಿತು. ಅಮೆರಿಕಕ್ಕೆ ಬಂದೂ ಇಂಗ್ಲಿಷ್ ಓದಲು ಬಾರದ ಇನ್ನೊಂದು ಪ್ರಾಣಿ ಇದೆಯಲ್ಲ ಅಂದುಕೊಂಡೆ. ಮಗಳ ಜೊತೆ ಕನ್ನಡ ಆಡುವುದು ಕೇಳಿಸಿತ್ತು. ಹತ್ತಿರ ಹೋಗಿ, "ಹಂಗಲ್ಲ ಕಣ್ರೀ, ತಿರುಗಿಸಿ ಹಿಡ್ಕೊಳ್ಳಿ" ಅಂದೆ.

"ತಿರುಗಿಸಿದ್ರ ತಪ್ಪು ಕಾಣಂಗಿಲ್ರೀ ಅಕ್ಕಾರ. ಸೀದಾ ಹಿಡದ್ರ ಮನಸ್ಸು ಓದತೈತಿ, ಉಲ್ಟಾ ಹಿಡದ್ರ ಕಣ್ಣು ಓದತೈತಿ."

ಚೀಟಿಯಲ್ಲಿ ತೊಗರಿಬೇಳೆಗೆ ಒಂದು ಅಕ್ಷರ ಬಿಟ್ಟುಹೋಗಿತ್ತಂತೆ. ಅದನ್ನು ಅಂಗಡಿಯವನಿಗೆ ಬೆರಳಿಟ್ಟು ತೋರಿಸಿಯೇ ಹೋದರು.

ಗದಗಿನ ಒಂದು ಛಾಪಖಾನೆಯಲ್ಲಿ ಮೂವತ್ತು ವರ್ಷ ಕನ್ನಡ, ಇಂಗ್ಲಿಷ್ ಎರಡರ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸಿದ ಮನುಷ್ಯ ಅದು. ಮೊಳೆಗಳನ್ನು ತಲೆಕೆಳಗಾಗಿಯೇ ಓದಬೇಕಂತೆ. ಹೆಂಡತಿ ತೀರಿಕೊಂಡ ಮೇಲೆ ಡಾಕ್ಟರ್ ಮಗಳು ಕರೆಸಿಕೊಂಡಿದ್ದಳು. ಕೈ ಸುಮ್ಮನಿರದೆ, ಒಂದು ಸಣ್ಣ ಟಿವಿ ಸ್ಟೇಷನ್ನಿಗೆ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗಿ ಬಿಟ್ಟಿ ಕೆಲಸ ಮಾಡುತ್ತಿದ್ದರು. ಆ ಚಾನೆಲ್ಲಿನಲ್ಲಿ ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಮನುಷ್ಯರ ಮುಖವೇ ಇಲ್ಲ. ನೀಲಿ ಪರದೆಯ ಮೇಲೆ ಬಿಳಿ ಅಕ್ಷರದ ಪುಟಗಳು ಒಂದಾದ ಮೇಲೊಂದು ಬರುತ್ತಿದ್ದವು. ಟೆಲಿಟೆಕ್ಸ್ಟ್ ಅನ್ನುತ್ತಿದ್ದರು ಅದಕ್ಕೆ. ನಾಯಿ ಕಳೆದಿದೆ, ಚರ್ಚಿನಲ್ಲಿ ಮೀನೂಟ ಇದೆ, ಹಳೇ ಸೋಫಾ ಬೇಕಾದವರು ಸುಮ್ಮನೆ ತಗೊಂಡು ಹೋಗಿ, ನಾಳೆ ಮಳೆ. ಅವನ್ನೆಲ್ಲ ಟೈಪ್ ಮಾಡಿಡುತ್ತಿದ್ದವರು ಇವರು.

ಎಲ್ಲ ದೊಡ್ಡ ಅಕ್ಷರದಲ್ಲೇ ಇರಬೇಕು ಅನ್ನುವುದು ಅವರ ಕಟ್ಟಪ್ಪಣೆ. "ಡಂಗುರ ಯಾರರ ಪಿಸುದನಿಯಾಗ ಹೊಡಿತಾರೇನ್ರಿ? ಸೋಫಾದ ಮ್ಯಾಲ ಕುಂತಾವಗ ಚಸ್ಮಾ ಇಲ್ಲದ ಕಾಣಬೇಕು." ಯಾರಾದರೂ ನೋಟೀಸಿನ ಕೊನೆಗೆ ಆಶ್ಚರ್ಯದ ಕಡ್ಡಿ ಹಾಕಿ ಕಳಿಸಿದರೆ ಕಿತ್ತೆಸೆಯುತ್ತಿದ್ದರು. "ಒದರೂದು ಅಕ್ಷರದ ಕೆಲಸ, ಕಡ್ಡೀದಲ್ಲ."

ಆಗ ನನಗೆ ನಿದ್ದೆ ಬಿಟ್ಟುಹೋಗಿತ್ತು. ಮಳವಳ್ಳಿಯಲ್ಲಿ ತಂಗಿ ಪುಟ್ಟಿಗೆ ಲಕ್ವ ಹೊಡೆದಿತ್ತು. ಗಂಡ ಇಲ್ಲ, ಮಕ್ಕಳಿಲ್ಲ. ಹೋಗಿ ಒಂದೆರಡು ವರ್ಷ ಅವಳ ಜೊತೆ ಇರಬೇಕಿತ್ತು. ಆದರೆ ಗ್ರೀನ್ ಕಾರ್ಡಿನವರು ಅಷ್ಟು ದಿನ ಹೊರಗಿದ್ದರೆ ಮತ್ತೆ ಒಳಗೆ ಬರುವುದು ಕಷ್ಟ. "ಸಿಟಿಜನ್ ಆಗಿಬಿಡಮ್ಮ, ಆಮೇಲೆ ಎಷ್ಟು ದಿನ ಬೇಕಾದ್ರೂ ಅಲ್ಲಿರು" ಅಂತ ಮಗಳು ಶೈಲ ಅಪ್ಲೈ ಮಾಡಿದಳು. ಅದಕ್ಕೊಂದು ಪರೀಕ್ಷೆ. ಮಾತಾಡುವ ಇಂಗ್ಲಿಷು ಚಪಾತಿ ಲಟ್ಟಿಸುತ್ತಾ ಬಂದಿತ್ತು. ಪ್ರಶ್ನೆ ಉತ್ತರಗಳನ್ನು ಶೈಲ ರೆಕಾರ್ಡ್ ಮಾಡಿ ಕೊಟ್ಟಿದ್ದಳು, ಕೇಳಿ ಕೇಳಿ ಬಾಯಿಪಾಠವಾಗಿತ್ತು. ಉಳಿದದ್ದು ಒಂದು ವಾಕ್ಯ ಓದುವುದು, ಒಂದು ವಾಕ್ಯ ಬರೆಯುವುದು. ನಾನು ಓದಿದ್ದು ಕನ್ನಡ ಮೂರನೇ ಕ್ಲಾಸು.

ಅಂಗಡಿಗೆ ಬಂದಾಗ ಹೇಳಿಕೊಂಡೆ. "ಟಿವಿ ಹಚ್ಚರಿ, ನಮ್ಮ ಪುಟ ಓದ್ರಿ" ಅಂದರು ಗುರುಶಾಂತಪ್ಪನವರು. "ಒಂದ ಪುಟ ಅರ್ಧ ನಿಮಿಷ ನಿಲ್ಲತೈತಿ. ಸ್ಟೇಷನ್ನಿನವ್ರು ಎಂಟು ಸೆಕೆಂಡ್ ಸಾಕು ಅಂತಾರ. ಓದಾಕ ಬರವ್ರಿಗೆ ಸಾಕ್ರಿ. ನಾ ನಿಲ್ಲಸೂದು ಬರಲಾರದವ್ರ ಸಲುವಾಗಿ."

ಮೂರು ಗಂಟೆಗೆ ಎಚ್ಚರವಾದರೆ ಮನೆಯೊಳಗೆ ಸುತ್ತುತ್ತಿದ್ದೆ. ಅಡುಗೆಮನೆ, ಕಿಟಕಿ, ಮತ್ತೆ ಅಡುಗೆಮನೆ. ಆಮೇಲೆ ಟಿವಿಯ ಮುಂದೆ ನೋಟ್‌ಬುಕ್ಕು ಹಿಡಿದು ಕೂರುವುದು ರೂಢಿಯಾಯಿತು. ಎ ಅಂದರೆ ಏಣಿ, ಓ ಅಂದರೆ ಬಳೆ, ಟಿ ಅಂದರೆ ಸುತ್ತಿಗೆ. ಬಾರದ್ದನ್ನು ಗೀಚಿಟ್ಟುಕೊಂಡು, ಅವರು ಅಂಗಡಿಗೆ ಬಂದಾಗ ತೋರಿಸಿ ಕೇಳುತ್ತಿದ್ದೆ. ಮೊದಲು ಬಂದ ಮಾತು ಫ್ರೀ, ಎರಡನೆಯದು ಲಾಸ್ಟ್. ಆರು ತಿಂಗಳಿಗೆ ಕಳೆದ ನಾಯಿಯ ಬಣ್ಣ, ವಯಸ್ಸು ಎಲ್ಲ ಓದುತ್ತಿದ್ದೆ. ಒಂದು ಬೆಳಿಗ್ಗೆ ಬೇಗ ಎದ್ದ ಶೈಲನಿಗೆ ಒಂದು ಪುಟ ಓದಿ ತೋರಿಸಿದೆ. "ಆಯ್ತು ಬಿಡಮ್ಮ, ನೀನು ಪಾಸ್" ಅಂದಳು.

ಅಟ್ಲಾಂಟಾದ ಆಫೀಸಿನಲ್ಲಿ ಆಫೀಸರಮ್ಮ ಒಂದು ಹಾಳೆ ಮುಂದಿಟ್ಟಳು. ಮೊದಲ ಅಕ್ಷರ ಗುರುತಿನದು. ಅದರ ಹಿಂದೆ ನಿಂತಿದ್ದವರು ಯಾರೋ ಗೊತ್ತಿಲ್ಲ. ಬೆನ್ನು ಬಗ್ಗಿದ್ದು ಒಂದು, ಹೊಟ್ಟೆ ಮುಂದೆ ಬಂದಿದ್ದು ಒಂದು, ಬಾಲ ಇಳಿಬಿಟ್ಟಿದ್ದು ಒಂದು. ಇಂಥವನ್ನು ಅಲ್ಲಲ್ಲಿ ಕಂಡಿದ್ದೆ. ನಮ್ಮ ಕಡೆ ಕೊರಿಯಾದವರ ಬೋರ್ಡು, ಸ್ಪ್ಯಾನಿಷ್‌ನವರ ಬೋರ್ಡು ಎಲ್ಲ ಇವೆ. ಇದು ಸ್ಪ್ಯಾನಿಷ್ ಇರಬೇಕು ಅಂದುಕೊಂಡಿದ್ದೆ. "ದಿಸ್ ಈಸ್ ಇಂಗ್ಲಿಷ್?" ಅಂತ ಕೇಳಿದೆ. ಅವಳು ಪೆನ್ನು ಕೆಳಗಿಟ್ಟಳು. ಮೂರು ವಾಕ್ಯ ಕೊಟ್ಟಳು, ಮೂರೂ ಆಗಲಿಲ್ಲ. ಅವಳು ಹೇಳಿ ಬರೆಸಿದ್ದನ್ನು ಮಾತ್ರ ಪೂರಾ ದೊಡ್ಡಕ್ಷರದಲ್ಲಿ ಬರೆದು ಪಾಸಾದೆ. ಬರೆಯಲು ಬರುತ್ತೆ, ಓದಲು ಬರಲ್ಲ, ಇಂಥವರನ್ನು ನೋಡೇ ಇಲ್ಲ ಅಂದಳು. ಎರಡು ತಿಂಗಳು ಬಿಟ್ಟು ಇನ್ನೊಂದೇ ಸಲ. ಅದೂ ತಪ್ಪಿದರೆ ಅರ್ಜಿಯಿಂದ ಶುರು. ಪುಟ್ಟಿ ಅಲ್ಲಿಯವರೆಗೆ ಕಾಯುತ್ತಾಳಾ?

ನಮ್ಮ ಕನ್ನಡದಲ್ಲಿ ಕ ಅಂದರೆ ಕ. ಅದಕ್ಕೆ ಇನ್ನೊಂದು ಮುಖ ಇಲ್ಲ. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಎರಡು ಮುಖ, ದೊಡ್ಡದೊಂದು, ಸಣ್ಣದೊಂದು ಅಂತ ಶೈಲ ಕಾರಿನಲ್ಲಿ ಹೇಳಿದಳು. "ಮೊದಲೇ ಹೇಳೋಕೆ ಏನಾಗಿತ್ತೇ ನಿಂಗೆ?" ಅಂದೆ. "ನಿಂಗೆ ಗೊತ್ತು ಅಂದ್ಕೊಂಡೆ" ಅಂದಳು. "ಸ್ಟೇಷನ್ನಿಗೆ ನಡಿ" ಅಂದೆ.

ಸ್ಟೇಷನ್ನು ಅಂದರೆ ಟೈರ್ ಅಂಗಡಿಯ ಹಿಂದೆ ಮೂರು ಕೋಣೆ. ಗುರುಶಾಂತಪ್ಪನವರು ಸ್ವೆಟರ್ ಹಾಕಿಕೊಂಡು ಕೀಬೋರ್ಡಿನ ಮುಂದೆ ಕೂತಿದ್ದರು.

"ನಿಮ್ಮಿಂದ ಫೇಲಾದೆ ಕಣ್ರೀ" ಅಂದೆ. ನಡೆದದ್ದು ಹೇಳಿದೆ.

ಕೀಬೋರ್ಡಿನಿಂದ ಕೈ ತೆಗೆದರು. ಆಮೇಲೆ, "ನಂದೈತ್ರಿ ತಪ್ಪು" ಅಂದರು. "ಪ್ರೆಸ್ಸಿನಾಗ ಎರಡು ಪೆಟ್ಟಿಗಿ ಇರ್ತಾವ. ಮ್ಯಾಲಿನ ಪೆಟ್ಟಿಗ್ಯಾಗ ದೊಡ್ಡವು, ಕೆಳಗಿನದ್ರಾಗ ಸಣ್ಣವು. ಎಲ್ಲಾ ಒಂದ ಮನಿ ಮಂದಿ. ನಾ ನಿಮಗ ಕೆಳಗಿನ ಪೆಟ್ಟಿಗಿ ತೋರಸಲೇ ಇಲ್ಲ."

ಕೀಬೋರ್ಡಿನಲ್ಲಿ ದೊಡ್ಡಕ್ಷರದ ಗುಂಡಿ ಒತ್ತಿ, ಅದು ಮೇಲೇಳದ ಹಾಗೆ ಕರಿ ಟೇಪು ಅಂಟಿಸಿಟ್ಟಿದ್ದರು. ಅದನ್ನು ಉಗುರಿನಿಂದ ಕೆರೆಯತೊಡಗಿದರು. ಎಷ್ಟು ವರ್ಷದ ಟೇಪೋ, ಸುಲಭಕ್ಕೆ ಬರಲಿಲ್ಲ. ನಾನೂ ಒಂದು ಕಡೆಯಿಂದ ಕೆರೆದೆ.

"ಇನ್ನ ಹತ್ತೊಂಬತ್ತ ದಿನ ಐತ್ರಿ" ಅಂದರು ತಲೆ ಎತ್ತದೆ. "ಆಮ್ಯಾಲ ಪುಟ ಬಂದ್. ರಾತ್ರಿ ಹೊತ್ತನ್ನ ಸಾಮಾನು ಮಾರಾವ್ರಿಗೆ ಕೊಟ್ಟಾರಂತ."

ಆ ರಾತ್ರಿಯಿಂದ ಪ್ರತಿ ನೋಟೀಸು ಎರಡು ಸಲ ಬರತೊಡಗಿತು. ಮೇಲೆ ದೊಡ್ಡಕ್ಷರದ ನಾಯಿ, ಕೆಳಗೆ ಅದೇ ನಾಯಿ ಸಣ್ಣಕ್ಷರದಲ್ಲಿ. ನಿಮ್ಮ ಮೆಷಿನ್ ಕೆಟ್ಟಿದೆ ಅಂತ ಯಾರೋ ಫೋನ್ ಮಾಡಿದರಂತೆ. ಸ್ಟೇಷನ್ನಿನ ಯಜಮಾನ ಬಂದು ಕೇಳಿದ್ದಕ್ಕೆ ಇವರು, "ಸೇಮ್ ಡಾಗ್, ಸಾರ್" ಅಂದರಂತೆ. ಅಷ್ಟೇ.

ಹತ್ತೊಂಬತ್ತು ದಿನ ನಾನು ನೆಟ್ಟಗೆ ಊಟ ಮಾಡಲಿಲ್ಲ. ಬಿ, ಡಿ, ಪಿ, ಕ್ಯೂ ನಾಲ್ಕೂ ಒಂದೇ ತಟ್ಟೆಗೆ ಕೋಲು ಚುಚ್ಚಿದ ಹಾಗೆ ಕಾಣುತ್ತಿದ್ದವು. ಫೋನ್ ಮಾಡಿ ಬೈದೆ. "ತಟ್ಟಿ ನೋಡಬ್ಯಾಡ್ರಿ, ಕೋಲು ಎಲ್ಲಿ ಐತಿ ನೋಡ್ರಿ" ಅಂದರು. ಹಿಟ್ಟಿನ ಮೇಲೆ ಬೆರಳಿನಿಂದ ಬರೆದೆ, ಅಳಿಸಿದೆ, ಲಟ್ಟಿಸಿದೆ.

ಕೊನೆಯ ರಾತ್ರಿ ಬೀಳ್ಕೊಡುವ ಮಾತು ಏನಾದರೂ ಬರುತ್ತದೆ ಅಂತ ಕಾದೆ. ಬರಲಿಲ್ಲ. ಆರಕ್ಕೆ ಮುಂಚೆ ಬಂದ ಪುಟದಲ್ಲಿ ದೊಡ್ಡಕ್ಷರವೇ ಇರಲಿಲ್ಲ. ಮೇಲೆ ನೋಡಿ ಕದಿಯುವ ಹಾಗಿಲ್ಲ, ನಾನೇ ಓದಬೇಕು. ನಿಧಾನಕ್ಕೆ ಓದಿದೆ. ಕಂದು ನಾಯಿ ಮನೆಗೆ ಬಂದಿದೆ, ಇನ್ನು ಹುಡುಕುವುದು ಬೇಡ ಅಂತ ಇತ್ತು. ಓದಿ ಮುಗಿದ ಮೇಲೂ ಪುಟ ನಿಂತಿತ್ತು. ಮಾರನೇ ದಿನ ಅದೇ ಹೊತ್ತಿಗೆ ಟಿವಿ ಹಾಕಿದರೆ ಒಬ್ಬ ಚಾಕು ಹಿಡಿದು ಟೊಮೆಟೊ ಕತ್ತರಿಸುತ್ತಾ ಕಿರುಚುತ್ತಿದ್ದ.

"ನಾಯಿ ನಿಜವಾಗ್ಲೂ ಬಂತಾ?" ಅಂತ ಕೇಳಿದೆ.

"ಪುಟದಾಗ ಬಂದಮ್ಯಾಲ ಖರೇನರಿ" ಅಂದರು.

ಎರಡನೇ ಸಲ ಅದೇ ಆಫೀಸರಮ್ಮ. ಒಂದೇ ವಾಕ್ಯಕ್ಕೆ ಸಾಕು ಅಂದಳು.

ಪಾಸಾದ ಕಾಗದ ತಗೊಂಡು ಶೈಲನ ಜೊತೆ ಗುರುಶಾಂತಪ್ಪನವರ ಮನೆಗೆ ಹೋದೆ. ಹೋಳಿಗೆಯನ್ನೂ ಒಯ್ದಿದ್ದೆ. ಹೋಳಿಗೆ ಪಕ್ಕಕ್ಕಿಟ್ಟು ಕಾಗದವನ್ನು ತಲೆಕೆಳಗು ಮಾಡಿ ಹಿಡಿದರು. "ಅಕ್ಕಾರ, ನಿಮ್ಮ ಹೆಸರು ಸಾವಿತ್ರಮ್ಮ ಹೌದಲ್ರಿ? ಇಲ್ಲಿ ಸಾವಿತಮ್ಮ ಆಗೇತಿ. ಇದನ್ನ ತಿದ್ದಸದ ವಿಮಾನ ಹತ್ತಬ್ಯಾಡ್ರಿ." ಅರ್ಜಿ ತುಂಬುವಾಗ ಒಂದು ಅಕ್ಷರ ನುಂಗಿದ್ದು ನಮ್ಮ ಶೈಲ. ಎಂ.ಟೆಕ್ ಓದಿದವಳು. ತಲೆ ತಗ್ಗಿಸಿ ಹೋಳಿಗೆ ತಿಂದಳು. ಅವರನ್ನು ನೋಡಿದ್ದು ಅದೇ ಕೊನೆ.

ಪುಟ್ಟಿಯ ಜೊತೆ ಒಂದೂವರೆ ವರ್ಷ ಇದ್ದೆ. ಅವಳ ತಿಥಿ ಮುಗಿಸಿಯೇ ಬಂದೆ. ಅಷ್ಟರಲ್ಲಿ ಗುರುಶಾಂತಪ್ಪನವರು ಮಗಳ ಜೊತೆ ಷಾರ್ಲಟ್‌ಗೆ ಹೋಗಿದ್ದರು, ಅಲ್ಲೇ ತೀರಿಕೊಂಡಿದ್ದರು. ಶಿವಗಣಾರಾಧನೆಯ ಇಂಗ್ಲಿಷ್ ಕಾರ್ಡನ್ನು ಶೈಲ ಫ್ರಿಜ್ಜಿನ ಮೇಲೆ ಅಂಟಿಸಿಟ್ಟಿದ್ದಳು. ತೆಗೆದು ತಲೆಕೆಳಗು ಮಾಡಿದೆ. ಒಂದೊಂದೇ ಅಕ್ಷರ ನೋಡಿದೆ. ಅವರ ಹೆಸರಿನ ಮೊದಲ ಅಕ್ಷರವೇ ಸಣ್ಣದು.

ಅವರ ಮಗಳಿಗೆ ಫೋನ್ ಮಾಡಿದೆ. "ಆಂಟಿ, ಅದು ಡಿಸೈನ್ ರೀ. ಈಗ ಹಂಗ ಹಾಕ್ತಾರ" ಅಂದಳು.

"ಡಿಸೈನೋ ಗಿಸೈನೋ, ನಿಮ್ಮಪ್ಪ ಬಿಡ್ತಿದ್ರಾ?"

ಆ ಕಡೆ ಅವಳು ನಕ್ಕಳು. ಆಮೇಲೆ, "ಇಲ್ರೀ, ಬಿಡ್ತಿರಲಿಲ್ಲ" ಅಂದಳು.

ಬಾಲ್‌ಪೆನ್ ತಗೊಂಡು ಸಣ್ಣದರ ಮೇಲೆ ದೊಡ್ಡದು ಬರೆದೆ. ಸ್ವಲ್ಪ ಓರೆಯಾಯಿತು. ಮತ್ತೆ ಫ್ರಿಜ್ಜಿಗೆ ಅಂಟಿಸಿ, ಹೋಗಿ ಸೋಫಾದ ಮೇಲೆ ಕೂತು ಕನ್ನಡಕ ತೆಗೆದು ನೋಡಿದೆ. ಕಾಣುತ್ತಿತ್ತು.