ಭಾರ ಇಳಿಸುವ ಟರ್ಬೋ ಭಾವ

ಭಾನುವಾರ ಬಂತೆಂದರೆ ಟರ್ಬೋ ಭಾವ ಬಾನೆಟ್ ಎತ್ತಿ ಸೊಂಟದವರೆಗೂ ಕಾರಿನೊಳಗೆ ಇಳಿದುಬಿಡುತ್ತಾರೆ. ಮಾತಾಡಿಸಲು ಬಂದವರು ಅವರ ಚಪ್ಪಲಿಯನ್ನೇ ಮಾತಾಡಿಸಬೇಕು. ಟರ್ಬೋ ಪೈಪನ್ನು ಮನೆಯಲ್ಲೇ ಕೊಯ್ದು ಜೋಡಿಸಿದ್ದಾರೆ, ಅದರ ಶಿಳ್ಳೆಗೆ ಪಕ್ಕದ ಮನೆಯಾಕೆ ಕುಕ್ಕರ್ ಇಳಿಸಲು ಓಡುತ್ತಾಳೆ. "ಭಾರ ಇಳಿದ್ರೆ ಗಾಡಿ ಹಾರುತ್ತೆ ಕಣಯ್ಯಾ" ಎನ್ನುತ್ತಾ ಹಿಂದಿನ ಸೀಟು, ರೇಡಿಯೋ, ಸ್ಟೆಪ್ನಿ ಎಲ್ಲ ಕಿತ್ತುಹಾಕಿದ್ದಾರೆ. ಡ್ರೈವರ್ ಪಕ್ಕದ ಸೀಟೊಂದನ್ನು ಮಾತ್ರ ಮುಟ್ಟಿಲ್ಲ. ಓಡಿಸಿ ನೋಡುವಾಗ ಅದರಲ್ಲಿ ಕೂರುವವನು ಬಾಮೈದ, ಆರಡಿ ಆಳು. ಮಂಡಿ ಗಲ್ಲಕ್ಕೇ ತಾಗುತ್ತದೆ. "ಭಾವ, ಸೀಟು ಒಂಚೂರು ಹಿಂದೆ ತಳ್ಳಲಾ?" ಎಂದು ಮೊನ್ನೆ ಕೇಳಿಯೇಬಿಟ್ಟ. ಭಾವ ಇಂಜಿನ್ ಆಫ್ ಮಾಡಿದರು. "ಬೇಡಪ್ಪಾ, ನಿಮ್ಮಕ್ಕಂಗೆ ಕಾಲು ಎಟುಕಲ್ಲ." ಅಕ್ಕ ತೀರಿಕೊಂಡು ಆಗಲೇ ವರ್ಷ ಕಳೆದಿತ್ತು. ಬಾಮೈದ ಮಂಡಿಯನ್ನು ಇನ್ನಷ್ಟು ಮಡಚಿಕೊಂಡು, "ನಡೀರಿ ಭಾವ" ಎಂದ.