ನಿಂಬೆ ಹಿಂಡಿದ ಕೈ

2023ರ ಏಪ್ರಿಲ್‌ನಲ್ಲಿ ಪುಣೆಯ ವಾಕಡದಲ್ಲಿ ಕಬ್ಬಿನ ರಸ ಮಾರುವ ಮಹಾದೇವಿಗೆ, ಎದುರಿನ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ ಸೋಮವಾರದೊಳಗೆ ಗಾಡಿ ತೆಗೆಯುವಂತೆ ಹೇಳಿದರು. ಆಕೆಯ ಕೈಗಳಲ್ಲಿ ಗುಳ್ಳೆಗಳೆದ್ದು ಕಪ್ಪು ಕಲೆಗಳಾಗಿದ್ದವು. ಅದು ಅಂಟುರೋಗ ಎಂಬುದು ಅವರ ವಾದ. ನಾನು ಅದೇ ರಸ್ತೆಯಲ್ಲಿ ಚರ್ಮವೈದ್ಯೆ.

ಇಂಡಿ ತಾಲ್ಲೂಕಿನಿಂದ ಪುಣೆಗೆ ದುಡಿಯಲು ಬಂದಿದ್ದ ಮಹಾದೇವಿ ನನ್ನ ಕ್ಲಿನಿಕ್ಕಿನಲ್ಲಿ ಕೂರುವ ಮೊದಲೇ ಹೇಳಿದಳು: "ಗಾಡಿ ತೆಗಿ ಅಂತ ಮಾತ್ರ ಅನ್ನಬ್ಯಾಡ್ರಿ. ಉಳಿದದ್ದು ಏನರ ಹೇಳ್ರಿ."

ಕಲೆಗಳು ದುಂಡಗಿರಲಿಲ್ಲ. ಬೆರಳ ಸಂದಿನಿಂದ ಮೊಣಕೈವರೆಗೆ ಏನೋ ಸೋರಿದಂತೆ ಗೆರೆಗೆರೆಯಾಗಿದ್ದವು. ಗಿರಾಕಿ ಕೇಳಿದರೆ ಆಕೆ ನಡುಮಧ್ಯಾಹ್ನದ ಬಿಸಿಲಲ್ಲಿ ನಿಂತು ಲೋಟಕ್ಕೆ ನಿಂಬೆಯನ್ನು ಕೈಯಿಂದಲೇ ಹಿಂಡುತ್ತಿದ್ದಳು. ನಿಂಬೆಯ ರಸ, ಸಿಪ್ಪೆ ತಗುಲಿದ ಚರ್ಮದ ಮೇಲೆ ಬಿಸಿಲು ಬಿದ್ದರೆ ಒಂದೆರಡು ದಿನದಲ್ಲಿ ಸುಟ್ಟಂತೆ ಗುಳ್ಳೆ ಏಳಬಹುದು. ನಾವು ಇದನ್ನು ಫೈಟೋಫೋಟೋಡರ್ಮಟೈಟಿಸ್ ಎನ್ನುತ್ತೇವೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಆದರೆ ಹಳೆಯ ಕಲೆಗಳ ಸುತ್ತಲೂ ಹೊಸದಾಗಿ ಕೆಂಪಾಗಿತ್ತು. ಕಾರಣ ಕೇಳಿದೆ.

"ಕಪ್ಪು ಹೋಗ್ಲಿ ಅಂತ ಲಿಂಬಿ ಹೋಳು ತಿಕ್ಕೀನ್ರಿ. ಓಣಿಯಾಗ ಎಲ್ಲಾರೂ ಅದನ್ನ ಹೇಳಿದ್ರು."

"ತಿಕ್ಕಿಕೊಂಡು ಬಿಸಿಲಿಗೆ ಹೋದಿರಾ?"

"ಮತ್ತ ಗಾಡಿ ಯಾರು ತಳ್ಳೂದ್ರಿ? ನಿಮ್ಮ ಕಂಪೌಂಡರ್ ಬರ್ತಾನೇನು?"

ಉರಿಯೂತಕ್ಕೆ ಮುಲಾಮು ಬರೆದೆ. ನಿಂಬೆ ತಗುಲಿದೊಡನೆ ಸೋಪು ಹಚ್ಚಿ ತೊಳೆಯಲು, ಗಾಡಿಗೆ ನೆರಳು ಕಟ್ಟಲು, ಕೈಗವಸು ಹಾಕಲು ಹೇಳಿದೆ. ಕೈಗವಸಿಗೆ ಆಕೆ ಒಪ್ಪಲಿಲ್ಲ.

"ಹಾಕ್ಕೊಂಡ್ರ ರೋಗ ಮುಚ್ಚಿಟ್ಟಾಳ ಅಂತಾರ. ಕೈ ತೋರಿಸೇ ಮಾರ್ತೇನಿ."

ಕೊನೆಗೆ, ಇಡೀ ನಿಂಬೆಯನ್ನು ಮಡಚಿದ ಕಬ್ಬಿನೊಳಗಿಟ್ಟು ಯಂತ್ರಕ್ಕೆ ಕೊಡುವುದೆಂದು ತೀರ್ಮಾನವಾಯಿತು. ಕೈಗೆ ರಸ ತಗುಲುವ ಪ್ರಮೇಯ ತಪ್ಪಿತು.

ಭಾನುವಾರ ಸಂಜೆ ಗಾಡಿಯ ಬಳಿಯೇ ಕಾರ್ಯದರ್ಶಿಗೆ ಎಲ್ಲ ವಿವರಿಸಿದೆ. ಅವರು ಮೈಸೂರಿನವರು, ಐಟಿ ಉದ್ಯೋಗಿ.

"ಹರಡಲ್ಲ ಅಂತ ಒಪ್ತೀನಿ ಡಾಕ್ಟ್ರೇ. ಆದ್ರೂ ನೋಡೋಕೆ ಒಂಥರಾ ಇರುತ್ತೆ. ಕಲೆ ಹೋಗೋವರೆಗೂ ಬೇರೆ ಕಡೆ ಶಿಫ್ಟ್ ಆಗ್ಲಿ."

"ಕಲೆ ಮಾಸೋಕೆ ತಿಂಗಳುಗಳೇ ಬೇಕು. ಇಲ್ಲದ ರೋಗದ ಹೆಸರಲ್ಲಿ ಅವಳನ್ನ ಎಬ್ಬಿಸೋ ಹಾಗಿಲ್ಲ," ಎಂದೆ.

ಮಹಾದೇವಿ ಯಂತ್ರ ನಿಲ್ಲಿಸಿದಳು. "ನೋಡಾಕ ಆಗಂಗಿಲ್ಲಂದ್ರ ಆ ಕಡೆ ಮಾರಿ ಮಾಡ್ರಿ ಸಾಹೇಬ್ರ. ಗಾಡಿ ಸರಿಯಂಗಿಲ್ಲ."

ಸೋಮವಾರ ಗಾಡಿ ಅಲ್ಲೇ ಇತ್ತು; ತೆಗೆಸಲು ಯಾರೂ ಬರಲಿಲ್ಲ. ಹೊಸ ಗುಳ್ಳೆಗಳು ಏಳಲಿಲ್ಲ. ಹಳೆಯ ಕಲೆಗಳು ಮಾಸುವ ಹೊತ್ತಿಗೆ ಗಣೇಶ ಚೌತಿ ಬಂದಿತ್ತು. ಬಿಸಿಲು ಆಗದವರಿಗೆ "ಹೊರಗೆ ಹೋಗಬೇಡಿ" ಎನ್ನುವುದು ಅರ್ಧ ಚಿಕಿತ್ಸೆ. ಹೊರಗೇ ದುಡಿಯುವ ದಾರಿ ಹುಡುಕಿಕೊಡುವುದು ಉಳಿದರ್ಧ. ಅದನ್ನು ನಾನು ಕಲಿತದ್ದು ಈ ಪ್ರಕರಣದಲ್ಲಿ.

ಈ ಬೇಸಿಗೆಯಲ್ಲೂ ಮಹಾದೇವಿ ಅದೇ ಗೇಟಿನೆದುರು ಮಾರುತ್ತಿದ್ದಾಳೆ. ಕಾರ್ಯದರ್ಶಿ ಇದುವರೆಗೆ ಅಲ್ಲಿ ರಸ ಕುಡಿದಿಲ್ಲ.