ಹಾಜರಿ ಕೂಗಿದರೆ ಕೈ ಮುಗಿಯುತ್ತಿದ್ದ ಮಹಾಲಿಂಗ

ಚನ್ನಮಲ್ಲಮ್ಮ ಮುಸುರೆ ನೀರು ಚೆಲ್ಲಲೆಂದು ತಲೆಬಾಗಿಲು ತೆಗೆದರೆ ಹೊಸಲಿನಾಚೆ ಒಬ್ಬ ಹುಡುಗ ನಿಂತಿದ್ದ. ಕಾಲ ಬಳಿ ತಗಡಿನ ಪೆಟ್ಟಿಗೆ, ಮುಖದ ತುಂಬ ಬೆವರು. ಗಂಡ ತೀರಿಕೊಂಡ ಮೇಲೆ ಅವಳು ಮಧುಗಿರಿಯ ಆ ಮನೆಯಲ್ಲಿ ಒಬ್ಬಳೇ ಇದ್ದಳು. ಗಂಡನ ದಾಯಾದಿ ತಮ್ಮ, ಕೊಡಿಗೇನಹಳ್ಳಿ ಕಡೆಯ ಸಿದ್ದಗಂಗಯ್ಯ, ಮಗನನ್ನು ಹೈಸ್ಕೂಲಿಗೆ ಸೇರಿಸಿ ಅವಳಲ್ಲಿ ಬಿಡುತ್ತೇನೆಂದು ಹೇಳಿಕಳಿಸಿದ್ದ.

"ಯಾವಾಗ ಬಂದ್ಯಪ್ಪಾ? ನಿಮ್ಮಪ್ಪ ಎಲ್ಲಿ?"

ಹುಡುಗ ಬೀದಿಯ ಕೊನೆಗೆ ಕೈ ತೋರಿಸಿದ. ಅಲ್ಲಿ ಸಿದ್ದಗಂಗಯ್ಯ ಎತ್ತು ಬಿಚ್ಚಿ ನೀರು ಕುಡಿಸುತ್ತಿದ್ದ.

"ಚಿಲಕ ಬಡೀಬಾರ್ದಾ? ದೊಡ್ಡಮ್ಮಾ ಅಂತ ಒಂದ್ಸಲ ಕೂಗಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವನು ಎರಡೂ ಕೈ ಮುಗಿದು ತಲೆ ತಗ್ಗಿಸಿದ. ಹೆಸರು ಮಹಾಲಿಂಗ ಎಂಬುದನ್ನೂ ಅವನಪ್ಪನೇ ಬಂದು ಹೇಳಬೇಕಾಯಿತು.

ಊರಿನ ಮಠದಲ್ಲಿ ಅಕ್ಷರ ಕಲಿತವನು. ಅಲ್ಲಿ ಅಯ್ಯನವರು ಹೆಸರು ಕರೆದರೆ ಎದ್ದು, ಕೈ ಮುಗಿದು, ಸುಮ್ಮನೆ ನಿಲ್ಲಬೇಕು. ಗುರುವಿನ ಎದುರು ಬಾಯಿ ತೆರೆದರೆ ಅದು ಉದ್ಧಟತನ. ಮಧುಗಿರಿಯಲ್ಲೂ ಅದು ಹಾಗೆಯೇ ನಡೆದುಹೋಯಿತು. ರೇಣುಕಯ್ಯ ಮೇಷ್ಟ್ರು ಬೆಂಚಿನ ಮೇಲೆ ಕಣ್ಣಾಡಿಸಿ ಮುಖ ನೋಡಿಯೇ ಹಾಜರಿ ಹಾಕುತ್ತಿದ್ದರು. ಅವನ ವಿನಯ ತೋರಿಸಿ ಉಳಿದ ಹುಡುಗರನ್ನು ಬೈಯುತ್ತಿದ್ದರು. ಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ, ಜಾತಿಯವರು ನಡೆಸುವ ಧರ್ಮದ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿ, ಬೆಂಗಳೂರಿನ ಕಾಲೇಜಿಗೆ ಹೋದ. ಅವನ ಊರಿನಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೇ ಮೊದಲು.

ದಸರಾ ರಜಕ್ಕೆ ಬಂದಾಗ ಕೆನ್ನೆ ಒಳಕ್ಕೆ ಹೋಗಿತ್ತು. ಚನ್ನಮಲ್ಲಮ್ಮ ಮುದ್ದೆ ಇಕ್ಕಿ, ಎದುರಿಗೆ ಕೂತು, ಅವಸರ ಮಾಡದೆ ಒಂದೊಂದೇ ಕೇಳಿದಳು.

"ಹಾಜರಿ ಕೂಗೋರು ತಲೆ ಎತ್ತಲ್ಲ ದೊಡ್ಡಮ್ಮ. ನಾನು ಎದ್ದು ನಿಂತಿರ್ತೀನಿ. ಅವರು ನೋಡಲ್ಲ."

"ಅಂಗಾರೆ ಬಾಯಲ್ಲಿ ಹೇಳು."

"ಪ್ರೆಸೆಂಟ್ ಸಾರ್ ಅಂತ ಹೇಳ್ತೀನಿ. ಗಂಟಲಿಂದ ಬರೋ ಹೊತ್ಗೆ ಮುಂದಿನ ಹೆಸರು ಕೂಗ್ಬುಟ್ಟಿರ್ತಾರೆ. ಮುನಿಸ್ವಾಮಿ ಅಂತ. ಅವನು ಕ್ಲಾಸಿಗೇ ಬರಲ್ಲ. ನಾನು ಹೇಳಿದ್ದು ಅವನಿಗೆ ಬೀಳ್ತದೆ."

"ಆ ಮುನಿಸ್ವಾಮಿ ಏನಂತಾನೆ?"

"ನೀನೇ ನನ್ನ ಮನೆದೇವ್ರು ಕಣಯ್ಯ, ಇಂಗೇ ಕೂಗ್ತಿರು ಅಂತಾನೆ."

ಚನ್ನಮಲ್ಲಮ್ಮನಿಗೆ ನಗು ಬಂತು. ಅವನ ಮುಖ ನೋಡಿ ನಿಂತುಹೋಯಿತು. ಹಾಜರಿ ಸಾಲದೆ ಹೋದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಪರೀಕ್ಷೆ ಇಲ್ಲದಿದ್ದರೆ ಹಾಸ್ಟೆಲಿನ ಜಾಗವೂ ಹೋಗುತ್ತದಂತೆ.

ಅವಳು ಎದುರು ಮನೆಯ ಬಾಷಾ ಸಾಬರನ್ನು ಕರೆಸಿದಳು. ಮೋಟಾರ್ ಸ್ಟ್ಯಾಂಡಿನಲ್ಲಿ ಪ್ಯಾಸೆಂಜರುಗಳನ್ನು ಕೂಗಿ ಹತ್ತಿಸುವುದು ಅವರ ಕೆಲಸ.

"ಅರೆ ಮಾಲಿಂಗಾ, ನಾನು ಇಲ್ಲಿ ಕೂಗಿದ್ರೆ ಕೊರಟಗೆರೇಲಿ ಕೂತೋರು ಟವಲ್ಲು ಕೊಡವಿ ಏಳ್ತಾರೆ. ನಿಂದೇನೋ ಎರಡು ಮಾತು!"

ದೊಡ್ಡಮ್ಮ ಒರಳುಕಲ್ಲಿನ ಮುಂದೆ ಕೂತು ಹೆಸರು ಕರೆದರೆ ಅವನು ಚೆನ್ನಾಗಿಯೇ ಹೇಳುತ್ತಿದ್ದ. ಎಮ್ಮೆಯ ಮುಂದೆಯೂ ಹೇಳಿದ. ಆದರೆ ಬಾಷಾ ಸಾಬರು ಕನ್ನಡಕ ಏರಿಸಿ, ತಲೆ ಬಗ್ಗಿಸಿ, "ಮಹಾಲಿಂಗಯ್ಯ!" ಎಂದ ತಕ್ಷಣ ಥಟ್ಟನೆ ಎದ್ದು ಕೈ ಮುಗಿದ. ತುಟಿ ಮಾತ್ರ ಅಲುಗಿತು.

"ಕೈ ಬಿಚ್ಚೋ ಮೊದ್ಲು! ಕೈ ಸೇರಿದ್ರೆ ನಿನ್ನ ಬಾಯಿಗೆ ಬೀಗ ಬೀಳ್ತದೆ. ಮಲ್ಲಮ್ಮನೋರೆ, ಇವನ ಕೈ ಹಿಡ್ಕೊಳ್ಳಿ."

ಅವಳು ಅವನ ಎರಡು ಕೈಗಳನ್ನೂ ಅಗಲಿಸಿ ಹಿಡಿದಳು. ಬಾಷಾ ಸಾಬರು ಮತ್ತೆ ಕೂಗಿದರು, ಕಾದರು, ತಲೆಯಾಡಿಸಿ ಬಾಗಿಲು ದಾಟಿದರು. ಆಗ ಅವನ ದನಿ ಬಂತು, "ಪ್ರೆಸೆಂಟ್ ಸಾರ್."

ರಜ ಮುಗಿದು ಅವನು ಮೋಟಾರು ಹತ್ತಿದಾಗ ಅವಳಿಗೆ ತಾನೂ ಹೋಗಿ ಕ್ಲಾಸಿನ ಕಿಟಕಿಯ ಹೊರಗೆ ನಿಂತು 'ಇದ್ದಾನೆ ಸ್ವಾಮಿ, ಇಲ್ಲೇ ಇದ್ದಾನೆ' ಎನ್ನಬೇಕೆನ್ನಿಸಿತು. ತುಮಕೂರಿನಿಂದಾಚೆ ಅವಳು ಹೋದವಳಲ್ಲ. ದಿನವೂ ಲಿಂಗಪೂಜೆಗೆ ಕೂತಾಗ ಆ ಹುಡುಗನ ಗಂಟಲು ತೆರೆಯಲೆಂದು ಬೇಡಿಕೊಂಡಳು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಾಗ ಅವನು ತಗಡಿನ ಪೆಟ್ಟಿಗೆಯೊಂದಿಗೆ ಬಂದುಬಿಟ್ಟ. ಪರೀಕ್ಷೆಗೆ ಕೂರಬಾರದವರಲ್ಲಿ ಅವನ ಹೆಸರಿತ್ತು. ಮುನಿಸ್ವಾಮಿಯ ಹೆಸರಿರಲಿಲ್ಲ. ಅವಳು ಹೇಳಿಕಳಿಸಿ ಸಿದ್ದಗಂಗಯ್ಯನನ್ನು ಕರೆಸಿದಳು. ಮಗ ನಡುಮನೆಯ ಕಂಬಕ್ಕೆ ಒರಗಿ ನಿಂತ. ಮಾತೆಲ್ಲ ಅವಳ ಪಾಲಿಗೆ ಬಂತು.

"ಕಾಯಿಲೆ ಬಿದ್ದಿದ್ನಾ ಅತ್ತಿಗೆ?"

"ಇಲ್ಲ ಕಣಪ್ಪ. ದಿನಾ ಹೋಗವ್ನೆ."

"ಹೋಗಿದ್ಮೇಲೆ ಬಂದಿಲ್ಲ ಅಂತ ಹೆಂಗೆ ಬರ್ಕೊಂಡ್ರು?"

"ಬಂದಿದ್ದು ಅವರಿಗೆ ಕೇಳಿಸ್ಲಿಲ್ಲ."

ಸಿದ್ದಗಂಗಯ್ಯ ಮಗನ ಕಡೆ ತಿರುಗಿದ. "ಲೇ, ಪ್ರಿನ್ಸಿಪಾಲರ ಹತ್ರ ಹೋಗಿ ಹಿಂಗಿಂಗೆ ಅಂತ ಹೇಳ್ಕಣಕ್ಕೆ ಏನಾಗಿತ್ಲಾ?"

ಹೋಗಿದ್ದ. ಮಧ್ಯಾಹ್ನವೆಲ್ಲ ಬಾಗಿಲ ಹೊರಗೆ ಕೈ ಮುಗಿದು ನಿಂತಿದ್ದ. ಸಂಜೆ ಜವಾನ ಬೀಗ ಹಾಕುವಾಗ, "ಯಾರನ್ನ ಕಾಯ್ತಿದೀಯಪ್ಪ, ಸಾಹೇಬ್ರು ಆಗ್ಲೇ ಹೋದ್ರಲ್ಲ" ಎಂದಿದ್ದ.

ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಅವನು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ವೈ.ಎನ್. ಹೊಸಕೋಟೇಲಿ ಇವನ ಸೋದರಮಾವನ ಅಂಗಡಿ ಅದೆ. ತಕ್ಕಡಿ ಹಿಡಿಯಕ್ಕೆ ಮಾತು ಬೇಡ" ಎಂದ.

"ಇನ್ನೊಂದು ವರ್ಷ ನೋಡಬಾರ್ದಾ?"

"ಹಾಸ್ಟೆಲು ಹೋಯ್ತಲ್ಲ ಅತ್ತಿಗೆ. ಎಲ್ಲಿಟ್ಟು ಓದಿಸ್ಲಿ?"

ಮಹಾಲಿಂಗ ಆ ಅಂಗಡಿಯಲ್ಲೇ ಉಳಿದ. ಮದುವೆಯಾಯಿತು, ಮಕ್ಕಳಾದವು ಎಂದು ಅತ್ತ ಹೋಗಿಬಂದವರಿಂದ ಅವಳು ಕೇಳಿದಳು. ಅವನು ಮಧುಗಿರಿಗೆ ಮತ್ತೆ ಬರಲಿಲ್ಲ.

ಆ ಅಂಗಡಿಗೆಂದು ಅವನು ಹೊರಟ ದಿನ ಬೆಳಿಗ್ಗೆ ಅಪ್ಪ ಗಾಡಿ ಹೂಡುತ್ತಿದ್ದ. ಚನ್ನಮಲ್ಲಮ್ಮ ರೊಟ್ಟಿಯ ಗಂಟು ಕೊಟ್ಟು, ಅವನ ಹಣೆಗೆ ವಿಭೂತಿ ಹಚ್ಚಿದಳು. ಬಿಸಿಲು ಬಾಗಿಲಿಗೆ ಬಂದಿತ್ತು; ಕಾಲೇಜು ಶುರುವಾಗುವ ಹೊತ್ತು. ಅವನು ಗಾಡಿಯ ಹಿಂದೆ ಕೂತು, ಕೇಳಲೋ ಬೇಡವೋ ಎಂಬಂತೆ ಅವಳನ್ನು ನೋಡಿದ.

"ದೊಡ್ಡಮ್ಮ, ಅಲ್ಲಿ ಇನ್ನೂ ನನ್ನ ಹೆಸರು ಕೂಗ್ತಾ ಇರ್ತಾರಾ?"